ಹಳೇ ಹಿಂದಿ ಸಿನಿಮಾ ಪತ್ರಿಕೆಗಳು: ಯಾವುದು ಟ್ರಂಕಿಗೆ, ಯಾವುದು ರದ್ದಿಗೆ?

ಮ್ಯಾಟಿನಿ ಮೋಹನ:

ಎಲ್ಲರಿಗೂ ನಮಸ್ಕಾರ. ಮನೆ ಬದಲಾಯಿಸುತ್ತಿದ್ದೇನೆ, ಹೊಸ ಮನೆ ಚಿಕ್ಕದು. ನನ್ನ ಹತ್ತಿರ ಹಿಂದಿ ಸಿನಿಮಾ ಪತ್ರಿಕೆಗಳ ದೊಡ್ಡ ರಾಶಿ ಇದೆ. ಅರ್ಧ ಸೋದರಮಾವ ಕೊಟ್ಟದ್ದು, ಅರ್ಧ ನಾನೇ ಅವೆನ್ಯೂ ರಸ್ತೆಯಲ್ಲಿ ಚೌಕಾಸಿ ಮಾಡಿ ತಂದದ್ದು. ಫಿಲ್ಮ್‌ಫೇರ್, ಸ್ಟಾರ್‌ಡಸ್ಟ್, ಸಿನಿ ಬ್ಲಿಟ್ಜ್ ಇವೆ, ಹಿಂದಿಯ ಮಾಧುರಿ ಒಂದಿಷ್ಟು, ಮಾಯಾಪುರಿ ಒಂದು ಕಟ್ಟು, ಆಮೇಲೆ ಆ ದಿನಪತ್ರಿಕೆ ಅಳತೆಯ ಸ್ಕ್ರೀನ್, ಅದು ಮಡಿಸಿಟ್ಟು ಮಡಿಸಿಟ್ಟು ಮಡಿಕೆಯಲ್ಲೇ ಹರಿದುಹೋಗಿದೆ. ಒಂದು ಟ್ರಂಕ್ ತುಂಬುವಷ್ಟು ಇಟ್ಟುಕೊಳ್ಳಿ, ಉಳಿದದ್ದು ರದ್ದಿಗೆ ಅಂತ ಮನೆಯಲ್ಲಿ ತೀರ್ಪಾಗಿದೆ. ಯಾವುದನ್ನು ಉಳಿಸಲಿ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೈಯುವವರು ಬೈಯಿರಿ. 1952ರಲ್ಲಿ ಶುರುವಾದ ಫಿಲ್ಮ್‌ಫೇರ್‌ನ ಹಳೇ ಸಂಚಿಕೆಗಳನ್ನು ಬಿಡುವ ಮಾತೇ ಇಲ್ಲ. ಸಿನಿಮಾ ಅಂದರೆ ಹಿರಿಯರು ಮೂಗು ಮುರಿಯುತ್ತಿದ್ದ ಕಾಲದಲ್ಲಿ, ಹಾಲ್‌ನ ಟೀಪಾಯಿ ಮೇಲೆ ಧೈರ್ಯವಾಗಿ ಇಡಬಹುದಾಗಿದ್ದ ಪತ್ರಿಕೆ ಅದು. 1954ರಲ್ಲಿ ಅವರು ಮೊದಲ ಸಲ ಪ್ರಶಸ್ತಿ ಕೊಟ್ಟಾಗ ಇದ್ದದ್ದು ಐದೇ ವಿಭಾಗ. ಚಿತ್ರ ದೋ ಬಿಘಾ ಜಮೀನ್, ನಿರ್ದೇಶನಕ್ಕೆ ಬಿಮಲ್ ರಾಯ್, ನಟನೆಗೆ ದಿಲೀಪ್ ಕುಮಾರ್ ಮತ್ತು ಮೀನಾ ಕುಮಾರಿ, ಸಂಗೀತಕ್ಕೆ ನೌಶಾದ್. ಒಂದು ಹೆಸರಾದರೂ ಮರೆತು ಹೋಗಿದೆಯಾ? ಈಗ ರಾತ್ರಿಯಿಡೀ ಟೀವಿಯಲ್ಲಿ ಹಂಚುವ ಪ್ರಶಸ್ತಿಗಳಲ್ಲಿ ಹೋದ ವರ್ಷದ್ದು ಯಾರಿಗೆ ಬಂತು ಅಂತ ಕೇಳಿದರೆ ನನ್ನಂಥ ಹುಚ್ಚನಿಗೇ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಸ್ಟಾರ್‌ಡಸ್ಟ್ ಮಾತ್ರ ನನಗೆ ಬೇಡ. 1971ರ ಮೊದಲ ಸಂಚಿಕೆಯ ಮುಖಪುಟದಲ್ಲೇ ರಾಜೇಶ್ ಖನ್ನಾ ಗುಟ್ಟಾಗಿ ಮದುವೆಯಾಗಿದ್ದಾರಾ ಅನ್ನುವ ಪ್ರಶ್ನೆ. ಆದರೆ ಏನು, ಆಗದಿದ್ದರೆ ಏನು? ಅದೇ ವರ್ಷ ಆ ಮನುಷ್ಯ ಆನಂದ್‌ನಲ್ಲಿ ಸಾವನ್ನು ಎದುರಿಗೆ ಇಟ್ಟುಕೊಂಡು ನಗುತ್ತಾ ಇಡೀ ಥಿಯೇಟರ್ ಅಳಿಸಿದ್ದ. ಹೃಷಿಕೇಶ್ ಮುಖರ್ಜಿ ಅದೇ ವರ್ಷ ಗುಡ್ಡಿಯನ್ನೂ ಮಾಡಿದರು. ಸಿನಿಮಾ ಹುಚ್ಚಿನ ಬಗ್ಗೆ ಹಿಂದಿಯಲ್ಲಿ ಅದಕ್ಕಿಂತ ಒಳ್ಳೆಯ ಚಿತ್ರ ಬಂದಿಲ್ಲ, ಬರೆದು ಕೊಡುತ್ತೇನೆ. ಶಾಲೆಗೆ ಹೋಗುವ ಹುಡುಗಿ ಜಯಾ ಭಾದುರಿಗೆ ಧರ್ಮೇಂದ್ರ ಅಂದರೆ ದೇವರು. ಬೈದು ಬುದ್ಧಿ ಹೇಳುವ ಬದಲು ಅವಳನ್ನು ಸ್ಟುಡಿಯೋ ಒಳಗೇ ಕರೆದುಕೊಂಡು ಹೋಗುತ್ತಾರೆ. ಹೀರೋ ಆಗಬೇಕು ಅಂತ ಊರು ಬಿಟ್ಟು ಓಡಿ ಬಂದು ಎಕ್ಸ್‌ಟ್ರಾ ಆಗಿ ಉಳಿದ ಅಸ್ರಾನಿ ಅಲ್ಲಿ ಸಿಗುತ್ತಾನೆ. ಹಾಳುಬಿದ್ದ ಸ್ಟುಡಿಯೋ ಒಂದರಲ್ಲಿ ನಿಂತು ಧರ್ಮೇಂದ್ರ ಬಿಮಲ್ ರಾಯ್ ಅವರನ್ನು ನೆನೆಯುವ ಜಾಗ ಇದೆಯಲ್ಲ, ಅದೊಂದಕ್ಕೆ ಇಡೀ ವರ್ಷದ ಸ್ಟಾರ್‌ಡಸ್ಟ್ ಸಾಟಿಯಲ್ಲ.

ಇನ್ನೊಂದು ಸಿಟ್ಟು. ಎಮರ್ಜೆನ್ಸಿ ಕಾಲದಲ್ಲಿ ಪತ್ರಿಕೆಗಳ ಮೇಲೆ ಸೆನ್ಸಾರ್ ಬಂದದ್ದಕ್ಕೆ ಅಮಿತಾಭ್ ಬಚ್ಚನ್ನೇ ಕಾರಣ ಅಂದುಕೊಂಡು ಈ ಪತ್ರಿಕೆಗಳು ಅವರನ್ನೇ ಬಹಿಷ್ಕಾರ ಹಾಕಿದವು. 1977ರಲ್ಲಿ ಅಮರ್ ಅಕ್ಬರ್ ಆಂಟನಿ, 1978ರಲ್ಲಿ ಡಾನ್, ತ್ರಿಶೂಲ್, ಮುಕದ್ದರ್ ಕಾ ಸಿಕಂದರ್. ದೇಶಕ್ಕೆ ದೇಶವೇ ಒಬ್ಬನ ಹಿಂದೆ ಓಡುತ್ತಿದೆ, ಸಿನಿಮಾ ಪತ್ರಿಕೆ ತೆಗೆದರೆ ಅವನ ಮುಖವೇ ಇಲ್ಲ! ಇದನ್ನು ಟ್ರಂಕಲ್ಲಿಟ್ಟು ಏನು ಮಾಡಲಿ?

ಹಾಗಂತ ಈಗಿನವು ಉದ್ಧಾರವಾಗಿವೆ ಅಂತಲ್ಲ. ಈಗ ಸಿನಿಮಾ ಬಿಡುಗಡೆಗೆ ಮುಂಚೆ ಹೀರೋ ಒಂದೇ ಕುರ್ಚಿಯಲ್ಲಿ ಬೆಳಗಿನಿಂದ ಸಂಜೆ ತನಕ ಕೂತಿರುತ್ತಾನೆ, ಸಂದರ್ಶನ ಮಾಡುವವರು ಮಾತ್ರ ಬದಲಾಗುತ್ತಾರೆ. ಒಂದು ನೋಡಿದರೆ ಎಲ್ಲ ನೋಡಿದ ಹಾಗೆಯೇ. ಸರಿ, ಹೇಳಿ.


ಸರೋಜಕ್ಕ:

ಮೋಹನ್ ಅವರೇ, ಸ್ಟಾರ್‌ಡಸ್ಟ್ ರದ್ದಿಗೆ ಹಾಕುವ ಮುಂಚೆ ನನಗೊಂದು ಮಾತು ಹೇಳಿ. ಆಟೋ ಮಾಡಿಕೊಂಡು ಬಂದು ತಗೊಂಡು ಹೋಗುತ್ತೇನೆ.

ನೀವು ಹೊಗಳುವ ಆ ಮರ್ಯಾದಸ್ಥ ಪತ್ರಿಕೆಗಳಲ್ಲಿ ನಾಯಕಿಯರ ಸಂದರ್ಶನ ಓದಿದ್ದೀರಾ? ಮದುವೆ ಕರೆಯೋಲೆ ಓದಿದ ಹಾಗಿರುತ್ತದೆ. ಒಬ್ಬಳಿಗೆ ಅಡುಗೆ ಇಷ್ಟ, ಇನ್ನೊಬ್ಬಳಿಗೆ ಕಸೂತಿ ಇಷ್ಟ, ಎಲ್ಲರೂ ಅಮ್ಮ ತೋರಿಸಿದ ಹುಡುಗನನ್ನೇ ಮದುವೆಯಾಗುತ್ತಾರಂತೆ. ಅವರು ಏನು ದುಡಿಯುತ್ತಾರೆ, ಯಾರು ದುಡ್ಡು ಕೊಡದೆ ಓಡಾಡಿಸುತ್ತಾರೆ, ಸೆಟ್ಟಿನಲ್ಲಿ ಯಾರ ಮೇಲೆ ಸಿಟ್ಟು, ಒಂದಕ್ಷರ ಇಲ್ಲ. ಸ್ಟಾರ್‌ಡಸ್ಟ್ ಬಂದ ಮೇಲೆ ಹೆಂಗಸರು ಬಾಯಿ ಬಿಟ್ಟರು. ಬೈದರು, ಜಗಳವಾಡಿದರು, ಆ ಹೀರೋ ಹೀಗೆ ಅಂತ ಹೆಸರು ಹಿಡಿದು ಹೇಳಿದರು. ಅರ್ಧ ಉತ್ಪ್ರೇಕ್ಷೆಯೇ ಇರಬಹುದು. ಆದರೂ ಅಲ್ಲಿ ಒಬ್ಬ ಮನುಷ್ಯಳು ಮಾತಾಡುತ್ತಿದ್ದಾಳೆ ಅಂತ ಗೊತ್ತಾಗುತ್ತಿತ್ತು.

ಅದನ್ನು ನಡೆಸಿದ್ದು ಯಾರು ಹೇಳಿ. ಮಾಲೀಕರು ನಾರಿ ಹೀರಾ, ಸಿನಿಮಾದವರಲ್ಲ, ಜಾಹೀರಾತಿನ ಕಡೆಯಿಂದ ಬಂದವರು. ಸಂಪಾದಕಿ ಶೋಭಾ ರಾಜಾಧ್ಯಕ್ಷ, ಆಮೇಲೆ ಶೋಭಾ ಡೇ ಅಂತ ಎಲ್ಲರಿಗೂ ಗೊತ್ತಾದವರು, ಆಗ ವಯಸ್ಸು 23. ಸ್ಟುಡಿಯೋ ಬಾಗಿಲಲ್ಲಿ ಕಾದು ನಿಂತು ನಮಸ್ಕಾರ ಹೊಡೆಯುವ ಅಭ್ಯಾಸ ಇಲ್ಲದವರು ಬರೆದರು, ಅದಕ್ಕೇ ಆ ಧೈರ್ಯ. ಇಂಗ್ಲಿಷ್ ಒಳಗೆ ಬಾಂಬೆ ಹಿಂದಿ ಸುರಿದು ಬರೆಯುವ ಶೈಲಿಯನ್ನು ಈಗ ಎಲ್ಲ ಜಾಹೀರಾತಿನವರೂ ಬಳಸುತ್ತಾರೆ. ಆಗ ಅದನ್ನು ಓದಿ ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರಿಗೆ ಮೈ ಉರಿಯುತ್ತಿತ್ತು, ನಮಗೆ ಖುಷಿಯೋ ಖುಷಿ.

ಅಮಿತಾಭ್ ವಿಷಯ. ನೀವು ಹೇಳಿದ ಕಾರಣಕ್ಕೇ ಆ ಸಂಚಿಕೆಗಳನ್ನು ಇಟ್ಟುಕೊಳ್ಳಬೇಕು ಅನ್ನುತ್ತೇನೆ ನಾನು. ಡಾನ್ ಎಲ್ಲಿ ಬೇಕಾದರೂ ನೋಡಬಹುದು, ಡಾನ್ ಬಂದ ವರ್ಷ ಆ ಹೆಸರನ್ನೇ ಬಾಯಿಗೆ ತರದ ಸಿನಿಮಾ ಪತ್ರಿಕೆ ಎಲ್ಲಿ ಸಿಗುತ್ತದೆ? ಅವರೂ ಸುಮ್ಮನಿರಲಿಲ್ಲ, ತಾವೂ ಪತ್ರಕರ್ತರನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಎರಡೂ ಕಡೆ ಹಟ. ಆ ಹಟದಿಂದ ಒಂದು ವಿಷಯ ಸಾಬೀತಾಯಿತು ನೋಡಿ, ಪತ್ರಿಕೆಯ ಹಂಗಿಲ್ಲದೆಯೂ ಸ್ಟಾರ್ ಆಗಬಹುದು. ಈಗಿನವರು ಪತ್ರಿಕೆಯನ್ನು ಲೆಕ್ಕಕ್ಕೇ ಇಡದೆ ಮೊಬೈಲಲ್ಲಿ ತಾವೇ ಫೋಟೋ ಹಾಕಿಕೊಳ್ಳುತ್ತಾರಲ್ಲ, ಅದರ ಬೇರು ಅಲ್ಲೇ ಇದೆ ಅಂತ ನನ್ನ ಅನಿಸಿಕೆ.

ಗುಡ್ಡಿ ಬಗ್ಗೆ ಪೂರ್ತಿ ಒಪ್ಪಿದೆ. ಆದರೆ ಕೊನೆಯಲ್ಲಿ ಅವಳನ್ನು ಮದುವೆಗೆ ಒಪ್ಪಿಸಿ ಮುಗಿಸಿದ್ದು ನನಗೆ ಇವತ್ತಿಗೂ ಬೇಸರವೇ.


ಗಾಂಧಿಕ್ಲಾಸ್:

ಸರೋಜಕ್ಕ ಹೇಳಿದ್ದು ಸರಿ, ಮೋಹನಣ್ಣ ಹೇಳಿದ್ದೂ ಸರಿ, ಆದರೆ ಇಬ್ಬರೂ ಇಂಗ್ಲಿಷ್ ಪತ್ರಿಕೆ ಹಿಡಿದುಕೊಂಡೇ ಜಗಳ ಆಡುತ್ತಿದ್ದೀರಲ್ರೀ! ನಮ್ಮ ಹುಬ್ಬಳ್ಳಿ ಕಡೆ ಹಿಂದಿ ಪಿಚ್ಚರ್ ಅಂದರೆ ಮೊದಲಿಂದ ಜೀವ. ನಾವು ಹಿಂದಿ ಓದೋಕೆ ಕಲಿತದ್ದು ಶಾಲೆಯಲ್ಲಿ ಸ್ವಲ್ಪ, ಕಟಿಂಗ್ ಶಾಪಿನ ಮಾಯಾಪುರಿಯಲ್ಲಿ ಜಾಸ್ತಿ. ಪಾಳಿ ಬರುವ ತನಕ ಕಾಯಬೇಕು, ಪಾಳಿ ಬಂದಾಗ ಕಥೆ ಅರ್ಧಕ್ಕೆ ನಿಂತಿರುತ್ತಿತ್ತು, ನೀ ಮುಂದೆ ಹೋಗು ಮಾರಾಯ ಅಂತ ಹಿಂದಿನವನಿಗೆ ಬಿಟ್ಟುಕೊಡುತ್ತಿದ್ದೆವು.

ಮಾಯಾಪುರಿ 1974ರಿಂದ ದೆಹಲಿಯಲ್ಲಿ ಬರುತ್ತಿದ್ದ ವಾರಪತ್ರಿಕೆ. ಅಗ್ಗದ ಕಾಗದ, ಬಣ್ಣ ಗೆರೆ ದಾಟಿ ಹರಡಿರುತ್ತಿತ್ತು, ಹೇಮಾಮಾಲಿನಿ ತುಟಿ ಒಂದು ಕಡೆ, ತುಟಿಯ ಕೆಂಪು ಇನ್ನೊಂದು ಕಡೆ. ಯಾರೂ ಕೂಡಿಡಲಿಲ್ಲ, ಅದಕ್ಕೇ ಈಗ ಸಿಗುವುದಿಲ್ಲ. ಫಿಲ್ಮ್‌ಫೇರ್ ಬೈಂಡ್ ಮಾಡಿಸಿ ಇಟ್ಟವರು ಊರಿಗಿಬ್ಬರು ಸಿಗುತ್ತಾರೆ. ಮಾಯಾಪುರಿಯಲ್ಲಿ ಭಜಿ ಕಟ್ಟಿ ಕೊಟ್ಟಾಯಿತು. ಹಾಗಾಗಿ ರದ್ದಿಗೆ ಮೊದಲು ಹೋಗಬೇಕು ಅಂತ ಅನಿಸುವುದನ್ನೇ ಮೊದಲು ಉಳಿಸಬೇಕು ಅಂತ ನನ್ನ ವಾದ.

ಮಾಧುರಿಯನ್ನಂತೂ ಕೈಬಿಡಬೇಡಿ. ಫಿಲ್ಮ್‌ಫೇರ್ ಮನೆಯದೇ ಹಿಂದಿ ಪತ್ರಿಕೆ ಅದು, 1964ರಲ್ಲಿ ಶುರುವಾದದ್ದು. ಸಂಪಾದಕರು ಅರವಿಂದ ಕುಮಾರ್. ಮುಂದೆ ಆ ಕೆಲಸ ಬಿಟ್ಟು ಹೆಂಡತಿ ಜೊತೆ ಸೇರಿ ವರ್ಷಗಟ್ಟಲೆ ಕೂತು ಹಿಂದಿಯ ದೊಡ್ಡ ಪರ್ಯಾಯಪದ ಕೋಶ ಮಾಡಿದರಲ್ಲ, ಸಮಾಂತರ್ ಕೋಶ್, ಅವರೇ. ಅಂಥವರ ಕೈಯಲ್ಲಿ ಇದ್ದ ಪತ್ರಿಕೆಯ ಭಾಷೆ ಹೇಗಿರಬೇಡ! ಬಾಸು ಚಟರ್ಜಿ ಥರದವರ ಸಣ್ಣ ಬಜೆಟ್ಟಿನ ಪಿಚ್ಚರ್‌ಗಳ ಬಗ್ಗೆ ಅಲ್ಲಿ ಅಕ್ಕರೆಯಿಂದ ಬರೆಯುತ್ತಿದ್ದರು. ಬಸ್ ಸ್ಟಾಪಿನಲ್ಲಿ ನಿಂತು ಹುಡುಗಿಗೆ ಮಾತಾಡಿಸೋಕೆ ಧೈರ್ಯ ಸಾಲದ ಅಮೋಲ್ ಪಾಲೇಕರ್‌ಗೆ ಮುಖಪುಟದ ಗ್ಲಾಮರ್ ಎಲ್ಲಿಂದ ಬರಬೇಕು, ಪಾಪ. ಆದರೆ ನನ್ನಂಥವರು ಕನ್ನಡಿಯಲ್ಲಿ ನೋಡಿಕೊಂಡಾಗ ಕಂಡದ್ದು ಅವನೇ ಹೊರತು ಧರ್ಮೇಂದ್ರ ಅಲ್ಲ.

ಮತ್ತೆ, ಟಾಕೀಸ್ ಹೊರಗೆ ಮಾರುತ್ತಿದ್ದ ಹಾಡಿನ ಪುಸ್ತಕ ನಿಮ್ಮ ರಾಶಿಯಲ್ಲಿ ಇದ್ದರೆ ಅದನ್ನೂ ನೋಡಿರಿ. ನಾಲ್ಕು ಹಾಳೆ ಇರುತ್ತದೆ, ಹಿಂದೆ ಕಥೆ ಬರೆದು ಕೊನೆಗೆ "ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ" ಅಂತ ನಿಲ್ಲಿಸಿರುತ್ತಾರೆ. ಗೀತಕಾರ ಯಾರು, ಹಾಡಿದವರು ಯಾರು, ಎಲ್ಲ ಒಂದೇ ಕಡೆ.


ನೆರಳು ಬೆಳಕು:

ಫಿಲ್ಮ್‌ಫೇರ್ ಪ್ರಶಸ್ತಿಯನ್ನು ಮೋಹನ್ ಸಾರ್ ಸ್ವಲ್ಪ ಜಾಸ್ತಿಯೇ ತಲೆ ಮೇಲೆ ಹೊತ್ತುಕೊಂಡಿದ್ದಾರೆ. ಸ್ವಲ್ಪ ಕೆಳಗಿಳಿಸೋಣ.

1975ರ ಶೋಲೆ. ನಮ್ಮ ರಾಮನಗರದ ಬಂಡೆಗಳನ್ನು ದೇಶಕ್ಕೆಲ್ಲ ತೋರಿಸಿದ ಚಿತ್ರ, ಬಾಂಬೆಯ ಮಿನರ್ವಾದಲ್ಲಿ ಐದು ವರ್ಷಕ್ಕೂ ಜಾಸ್ತಿ ಓಡಿತು. ಫಿಲ್ಮ್‌ಫೇರ್ ಅದಕ್ಕೆ ಕೊಟ್ಟದ್ದು ಒಂದೇ ಪ್ರಶಸ್ತಿ, ಸಂಕಲನಕ್ಕೆ, ಎಂ. ಎಸ್. ಶಿಂಧೆಗೆ. ಗಬ್ಬರ್‌ಗೂ ಇಲ್ಲ, ಸಂಭಾಷಣೆಗೂ ಇಲ್ಲ, ರಮೇಶ್ ಸಿಪ್ಪಿಗೂ ಇಲ್ಲ. ಆ ವರ್ಷ ಎಲ್ಲ ದೀವಾರ್‌ಗೆ ಹೋಯಿತು, ಅದೂ ಒಳ್ಳೆಯ ಚಿತ್ರವೇ ಅನ್ನಿ.

ಗಾಯಕರಿಗೆ ಮೊದಲ ವರ್ಷಗಳಲ್ಲಿ ಪ್ರಶಸ್ತಿಯೇ ಇರಲಿಲ್ಲ. ಚೋರಿ ಚೋರಿಗೆ ಶಂಕರ್ ಜೈಕಿಷನ್‌ಗೆ ಸಂಗೀತದ ಪ್ರಶಸ್ತಿ ಬಂದಾಗ ಜೈಕಿಷನ್ ಹೋಗಿ ಲತಾ ಅವರನ್ನು ಸಮಾರಂಭದಲ್ಲಿ "ರಸಿಕ್ ಬಲಮಾ" ಹಾಡಿ ಅಂತ ಕೇಳಿದರು. ಪ್ರಶಸ್ತಿ ಕೊಟ್ಟದ್ದು ರಾಗ ಹಾಕಿದವರಿಗೆ, ಹಾಡಿದವರಿಗಲ್ಲ, ಹಾಗಾದರೆ ಹಾಡಿಲ್ಲದೆ ವಾದ್ಯ ನುಡಿಸಿಕೊಳ್ಳಿ ಅಂತ ಲತಾ ಖಡಾಖಂಡಿತವಾಗಿ ಹೇಳಿಬಿಟ್ಟರು. ಆಮೇಲೆ 1958ರ ಚಿತ್ರಗಳಿಂದ ಗಾಯನಕ್ಕೂ ಪ್ರಶಸ್ತಿ ಬಂತು, ಮೊದಲನೆಯದು ಅವರಿಗೇ. ಪ್ರಾಣ್ ಕಥೆ ಇನ್ನೂ ಚೆನ್ನಾಗಿದೆ. 1972ರ ಬೇಇಮಾನ್‌ಗೆ ಪೋಷಕ ನಟ ಪ್ರಶಸ್ತಿ ಕೊಟ್ಟರೆ ಬೇಡ ಅಂದರು. ಪಾಕೀಜಾ ಸಂಗೀತ ಬಿಟ್ಟು ಬೇಇಮಾನ್ ಸಂಗೀತಕ್ಕೆ ಕೊಟ್ಟಿದ್ದೀರಿ, ಗುಲಾಂ ಮೊಹಮ್ಮದ್‌ಗೆ ಅನ್ಯಾಯ ಅಂತ. ತನ್ನದೇ ಚಿತ್ರದ ಸಂಗೀತ ಗೆದ್ದದ್ದಕ್ಕೆ ಸಿಟ್ಟು ಮಾಡಿಕೊಂಡು ತನಗೆ ಬಂದದ್ದನ್ನು ಬಿಟ್ಟ ವಿಲನ್! ರಿಷಿ ಕಪೂರ್ ಅಂತೂ ದುಡ್ಡು ಕೊಟ್ಟು ಪ್ರಶಸ್ತಿ ತಗೊಂಡೆ ಅಂತ ಆತ್ಮಕಥೆಯಲ್ಲೇ ಬರೆದುಕೊಂಡರು.

ಆದರೆ ಹಳೇ ಫಿಲ್ಮ್‌ಫೇರ್ ನಾನೂ ಇಟ್ಟುಕೊಳ್ಳುತ್ತೇನೆ, ಕಾರಣ ಬೇರೆ. ತೆರೆಯ ಹಿಂದಿನವರ ಹೆಸರು ಅಲ್ಲಿ ಸಿಗುತ್ತವೆ. ಮೈಸೂರಿನ ವಿ. ಕೆ. ಮೂರ್ತಿಯವರನ್ನೇ ತಗೊಳ್ಳಿ. ಬೆಂಗಳೂರಲ್ಲಿ ಹುಟ್ಟಿದ ಗುರುದತ್, ಮೈಸೂರಿನ ಕ್ಯಾಮರಾಮನ್, ಇಬ್ಬರೂ ಬಾಂಬೆಗೆ ಹೋಗಿ 1959ರಲ್ಲಿ ಕಾಗಜ್ ಕೆ ಫೂಲ್ ತೆಗೆದರು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ, ಅಂದರೆ ಅಗಲ ತೆರೆಯದು. ಮಕಾಡೆ ಮಲಗಿತು. "ವಕ್ತ್ ನೇ ಕಿಯಾ" ಹಾಡಿನಲ್ಲಿ ಖಾಲಿ ಸ್ಟುಡಿಯೋ ಒಳಗೆ ಮೇಲಿಂದ ದಪ್ಪ ಕಂಬದಂಥ ಬೆಳಕು ಇಳಿಯುತ್ತದೆ, ಆ ಬೆಳಕಿನಲ್ಲಿ ಧೂಳು ತೇಲುತ್ತಿರುತ್ತದೆ, ಗುರುದತ್ ಒಂದು ಕಡೆ, ವಹೀದಾ ಒಂದು ಕಡೆ. ಅದು ಸ್ಟುಡಿಯೋ ಲೈಟ್ ಅಲ್ಲ. ಹೊರಗಡೆ ಒಂದು ದೊಡ್ಡ ಕನ್ನಡಿ ಇಟ್ಟು ಬಿಸಿಲು ಹಿಡಿದು, ಒಳಗೆ ಎತ್ತರದಲ್ಲಿ ಇಟ್ಟ ಇನ್ನೊಂದು ಕನ್ನಡಿಗೆ ಹೊಡೆಸಿ, ಅಲ್ಲಿಂದ ಕೆಳಗೆ ಇಳಿಸಿದರು ಮೂರ್ತಿ. ಸೂರ್ಯ ಸರಿದ ಹಾಗೆ ಕನ್ನಡಿಯನ್ನೂ ಸರಿಸಬೇಕಲ್ಲ, ಯೋಚನೆ ಮಾಡಿ. ಚಿತ್ರ ಸೋತರೂ ಛಾಯಾಗ್ರಹಣದ ಫಿಲ್ಮ್‌ಫೇರ್ ಅವರಿಗೆ ಬಂತು. ಅಷ್ಟರಮಟ್ಟಿಗೆ ಆ ಪ್ರಶಸ್ತಿಗೆ ಒಂದು ಸಲಾಂ. ಫಾಲ್ಕೆ ಪ್ರಶಸ್ತಿ ಬರುವುದಕ್ಕೆ 2008ರ ಸಾಲಿನ ತನಕ ಕಾಯಬೇಕಾಯಿತು, ಛಾಯಾಗ್ರಾಹಕರಲ್ಲಿ ಅವರೇ ಮೊದಲು.

ಅದಕ್ಕೇ ನನ್ನ ಸಲಹೆ, ಸಂಚಿಕೆ ಆರಿಸುವಾಗ ಮುಖಪುಟ ನೋಡಬೇಡಿ. ಒಳಗೆ ಕ್ಯಾಮರಾ, ಸಂಕಲನ, ಸಂಗೀತದವರ ಬಗ್ಗೆ ಒಂದು ಪುಟವಾದರೂ ಇದ್ದರೆ ಟ್ರಂಕಿಗೆ.


ಹಳೇಪೇಪರ್:

ಯಾರೂ ಫಿಲ್ಮ್‌ಇಂಡಿಯಾ ಹೆಸರೇ ಎತ್ತಲಿಲ್ಲವಲ್ಲ! ಮೋಹನ್, ರಾಶಿಯ ತಳದಲ್ಲಿ ಒಂದೇ ಒಂದು ಹರಕು ಸಂಚಿಕೆ ಸಿಕ್ಕರೂ ಮೊದಲು ಅದನ್ನು ಎತ್ತಿಡಿ. 1935ರಲ್ಲಿ ಬಾಬುರಾವ್ ಪಟೇಲ್ ಶುರು ಮಾಡಿದ್ದು. ಈಗಿನ ಯೂಟ್ಯೂಬ್ ವಿಮರ್ಶಕರು ಬೈಯುವುದನ್ನು ಕೇಳಿ ಅಬ್ಬಾ ಅನ್ನುವವರು ಆ ಮನುಷ್ಯ ಬರೆದ ವಿಮರ್ಶೆ ಒಂದು ಓದಬೇಕು. ಓದುಗರ ಪ್ರಶ್ನೆಗೆ ಉತ್ತರ ಕೊಡುವ ಅಂಕಣ ಇತ್ತು, ಕೇಳಿದವನ ಮಾನವನ್ನೂ ಬಿಡುತ್ತಿರಲಿಲ್ಲ, ಆದರೂ ಜನ ಕೇಳುತ್ತಲೇ ಇದ್ದರು. ಇಷ್ಟೆಲ್ಲ ಬೈದ ಮಹಾನುಭಾವ 1944ರಲ್ಲಿ ತಾನೇ ದ್ರೌಪದಿ ಅಂತ ಒಂದು ಚಿತ್ರ ಮಾಡಿದ, ಹೆಂಡತಿ ಸುಶೀಲಾ ರಾಣಿಯೇ ನಾಯಕಿ. ಅದೂ ನಡೆಯಲಿಲ್ಲ.

ನಮಗೆ ಇನ್ನೊಂದು ಹೆಮ್ಮೆ ಇದೆ ಅದರಲ್ಲಿ. ಫಿಲ್ಮ್‌ಇಂಡಿಯಾಗೆ ಮುಖಪುಟ ಬರೆದವರಲ್ಲಿ ಕಲಬುರಗಿಯ ಎಸ್. ಎಂ. ಪಂಡಿತ್ ಒಬ್ಬರು. ಕ್ಯಾಲೆಂಡರ್ ದೇವರ ಚಿತ್ರಗಳಿಂದ ಮನೆಮನೆ ಗೋಡೆ ಸೇರಿದ ಅದೇ ಪಂಡಿತರು. ನಾಯಕಿಯ ಕೆನ್ನೆ ಮೇಲೆ ಬೀಳುವ ಬೆಳಕನ್ನು ಅವರು ಬಣ್ಣದಲ್ಲಿ ಹಿಡಿದ ರೀತಿ ನೋಡಿದರೆ ಫೋಟೋಗಿಂತ ಇದೇ ಜೀವಂತ ಅನಿಸುತ್ತದೆ. ಕೈಯಲ್ಲಿ ಪ್ರತಿ ಇಲ್ಲದವರು ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕಿ, ಬಹಳಷ್ಟು ಸಂಚಿಕೆ ಸ್ಕ್ಯಾನ್ ಮಾಡಿ ಹಾಕಿದ್ದಾರೆ, ದುಡ್ಡು ಕೊಡಬೇಕಿಲ್ಲ. ವಿಮರ್ಶೆ ಓದಿ ಮುಗಿದ ಮೇಲೆ ಜಾಹೀರಾತು ನೋಡಿ. ಸೋಪು, ತಲೆನೋವಿನ ಮಾತ್ರೆ, ಎಂದೂ ಬಿಡುಗಡೆಯಾಗದ ಚಿತ್ರಗಳ ಪುಟಗಟ್ಟಲೆ ಘೋಷಣೆ. ನನಗಂತೂ ಅದರಲ್ಲೇ ಜಾಸ್ತಿ ರುಚಿ.

ಇಡುವ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ತುಕ್ಕು ಹಿಡಿದ ಸ್ಟೇಪ್ಲರ್ ಪಿನ್‌ಗಳನ್ನು ಮೆತ್ತಗೆ ಬಿಡಿಸಿ ತೆಗೆಯಿರಿ, ಕಾಗದವನ್ನು ಮೊದಲು ತಿನ್ನುವುದು ಅದೇ. ಹರಿದ ಕಡೆ ಸೆಲ್ಲೋ ಟೇಪ್ ಅಂಟಿಸಬೇಡಿ, ಕೆಲವು ವರ್ಷಕ್ಕೆ ಅಂಟು ಕಂದು ಬಣ್ಣಕ್ಕೆ ತಿರುಗಿ ಅಕ್ಷರ ನುಂಗುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ, ಒಂದು ಸಲ ಮಾಡಿದರೆ ಬಿಡಿಸೋಕೆ ಆಗುವುದಿಲ್ಲ. ಕಬ್ಬಿಣದ ಟ್ರಂಕನ್ನು ನೆಲಕ್ಕೆ ಇಡದೆ ಇಟ್ಟಿಗೆ ಮೇಲೆ ಇಡಿ, ಹೊರಗಿನ ಗೋಡೆಗೆ ತಾಗದ ಹಾಗೆ. ಮಾಯಾಪುರಿ, ಸ್ಕ್ರೀನ್ ಥರದ ಅಗ್ಗದ ಕಾಗದ ಏನು ಮಾಡಿದರೂ ಹಳದಿಯಾಗಿ ಪುಡಿಯಾಗುತ್ತದೆ. ಅದನ್ನು ಮೊದಲು ಮೊಬೈಲಲ್ಲಾದರೂ ಫೋಟೋ ತೆಗೆದಿಟ್ಟುಕೊಳ್ಳಿ.


ಮ್ಯಾಟಿನಿ ಮೋಹನ:

ಅಬ್ಬಬ್ಬಾ, ಯಾವುದನ್ನು ಬಿಡಲಿ ಅಂತ ಕೇಳಿದರೆ ಎಲ್ಲರೂ ಸೇರಿ ಯಾವುದನ್ನೂ ಬಿಡಬೇಡ ಅಂದಿದ್ದೀರಿ. ಇದನ್ನು ಮನೆಯಲ್ಲಿ ಓದಿ ಹೇಳುವ ಧೈರ್ಯ ನನಗಿಲ್ಲ.

ಸರೋಜಕ್ಕ, ಬಹಿಷ್ಕಾರದ ಕಾಲದ ಸಂಚಿಕೆಗಳ ಬಗ್ಗೆ ನಿಮ್ಮ ವಾದ ಚೆನ್ನಾಗಿದೆ, ಆದರೂ ನನ್ನ ಸಿಟ್ಟು ಹೋಗಿಲ್ಲ. ಪತ್ರಿಕೆ ಓದುಗನದು, ಸಂಪಾದಕರ ಜಗಳಕ್ಕೆ ನಾನು ಯಾಕೆ ಕಾಸು ಕೊಡಬೇಕಿತ್ತು? 1982ರಲ್ಲಿ ಕೂಲಿ ಶೂಟಿಂಗಿನಲ್ಲಿ ಅಮಿತಾಭ್‌ಗೆ ಏಟು ಬಿದ್ದದ್ದು ನಮ್ಮ ಜ್ಞಾನಭಾರತಿ ಕ್ಯಾಂಪಸ್ಸಿನಲ್ಲಿ. ಸಿನಿಮಾದಲ್ಲಿ ಆ ಏಟಿನ ಹತ್ತಿರ ಚಿತ್ರ ನಿಲ್ಲಿಸಿ ಇಲ್ಲೇ ಪೆಟ್ಟಾದದ್ದು ಅಂತ ಬರೆದು ತೋರಿಸುತ್ತಾರೆ, ಆಮೇಲೆ ಮತ್ತೆ ಫೈಟ್ ಮುಂದುವರಿಯುತ್ತದೆ. ಸಿನಿಮಾ ತಾನೇ ಸುದ್ದಿಯನ್ನೂ ಹೇಳಿಬಿಟ್ಟ ಮೇಲೆ ಪತ್ರಿಕೆಗೆ ಏನು ಕೆಲಸ ಉಳಿಯಿತು? ಸ್ಟಾರ್‌ಡಸ್ಟ್ ಪೂರ್ತಿ ನಿಮಗೇ, ಆಟೋದಲ್ಲಿ ಬನ್ನಿ. ಒಂದು ಷರತ್ತು, ಅಮೋಲ್ ಪಾಲೇಕರ್ ಬಗ್ಗೆ ಏನಾದರೂ ಬಂದಿದ್ದರೆ ಆ ಪುಟದ ಫೋಟೋ ಕಳಿಸಬೇಕು.

ಗಾಂಧಿಕ್ಲಾಸ್ ಅವರೇ, ಮಾಯಾಪುರಿ ಕಟ್ಟಿನ ಮೇಲಿನ ನಾಲ್ಕು ತೆಗೆದು ನೋಡಿದೆ, ಅಂಚು ಆಗಲೇ ಬೆರಳಿಗೆ ಪುಡಿ ಬರುತ್ತಿದೆ. ಫೋಟೋ ತೆಗೆದು ಮುಗಿಸಿ ಹುಬ್ಬಳ್ಳಿಗೆ ಪಾರ್ಸೆಲ್ ಹಾಕುತ್ತೇನೆ, ವಿಳಾಸ ಮೆಸೇಜ್ ಮಾಡಿ. ಮಾಧುರಿ ಮತ್ತು ಫಿಲ್ಮ್‌ಫೇರ್ ನನ್ನ ಟ್ರಂಕಿಗೆ. ನೆರಳು ಬೆಳಕು ಹೇಳಿದ ಹಾಗೆ ಕ್ಯಾಮರಾದವರ ಹೆಸರು ಹುಡುಕುತ್ತಾ ಕೂತರೆ ಮನೆ ಬದಲಾಯಿಸುವುದು ಮುಂದಿನ ವರ್ಷಕ್ಕೆ ಹೋಗುತ್ತದೆ, ಆದರೂ ನೋಡುತ್ತೇನೆ. ಫಿಲ್ಮ್‌ಇಂಡಿಯಾ ತಳದಲ್ಲೂ ಇಲ್ಲ. ಸಿನಿ ಬ್ಲಿಟ್ಜ್ ಯಾರಿಗಾದರೂ ಬೇಕಾ? ಭಾನುವಾರ ರದ್ದಿಯವನು ಬರುತ್ತಾನೆ.


ಗಾಂಧಿಕ್ಲಾಸ್:

ವಿಳಾಸ ಕಳಿಸಿದೆ ಅಣ್ಣ, ಪಾರ್ಸೆಲ್ ಖರ್ಚು ನನ್ನದೇ. ಹಾಡಿನ ಪುಸ್ತಕ ಇದೆಯೋ ಇಲ್ಲವೋ ಹೇಳಲೇ ಇಲ್ಲ ನೀವು.


ಸರೋಜಕ್ಕ:

ಸಿನಿ ಬ್ಲಿಟ್ಜೂ ನನಗೇ ಇರಲಿ. ರದ್ದಿಯವನಿಗೆ ಶನಿವಾರದ ತನಕ ಏನೂ ಹೇಳಬೇಡಿ.